ಜೋಗುಳದ ಕಾರು

ಫಿದಿ ಬೀಗುತ್ತಿದ್ದ: ನನ್ನ ಕಾರು ಹತ್ತಿದರೆ
ರಚ್ಚೆ ಹಿಡಿದ ಕೂಸೂ ಎರಡನೇ ತಿರುವಿಗೆ ತಣ್ಣಗಾಗುತ್ತದೆ,
ಅಂಥ ಕೈ ನನ್ನದು.
ಸುಳ್ಳಲ್ಲ. ಅಂಟಾನನರಿವೊದ ಕಲ್ಲುಹಾಸಿನ ಏರುಗಳಲ್ಲಿ
ಜುಲೈ ಚಳಿಗೆ ಗಾಜು ಮುಚ್ಚಿಕೊಂಡು
ಕೆನೆಬಣ್ಣದ ಆ ಪುಟ್ಟ ರೆನೋ ತೂಗುತ್ತ ಸಾಗಿದರೆ
ಗುಮಾಸ್ತರು ಕಡತ ತಬ್ಬಿ ತೂಕಡಿಸುತ್ತಿದ್ದರು,
ಸೊಪ್ಪಿನ ಬುಟ್ಟಿಗೆ ತಲೆಯಿಟ್ಟು ಸಹೊಂದ್ರಾ ಗೊರಕೆ ಹೊಡೆಯುತ್ತಿದ್ದಳು,
ಇಳಿಯುವಾಗ ಎಲ್ಲರೂ ಹಣೆ ಒತ್ತಿಕೊಂಡು
ಚಿಲ್ಲರೆ ಎಣಿಸದೆ ಹೋಗುತ್ತಿದ್ದರು.

ನನ್ನ ಶೆಡ್ಡಿಗೆ ಅವನು ಬಂದದ್ದು ಬೇರೆ ದೂರು ಹೊತ್ತು.
"ಬೆಳಗ್ಗೆ ಟಿಕ್ ಟಿಕ್ ಅನ್ನುತ್ತದೆ, ನೇನಿ,
ಬಿಸಿಯಾದ ಮೇಲೆ ಸುಮ್ಮನಾಗುತ್ತದೆ.
ವಾಲ್ವ್ ಇರಬೇಕು, ಸ್ವಲ್ಪ ತಿರುಗಿಸಿ ಕೊಡು."

ವಾಲ್ವಲ್ಲ.
ಕಬ್ಬಿಣ ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಸಂದು ಕೂಡುತ್ತದೆ,
ತಣಿದರೆ ಮತ್ತೆ ಬಾಯಿಬಿಡುತ್ತದೆ.
ರಾತ್ರಿಯಿಡೀ ನಿಲ್ಲಿಸಿಕೊಂಡು, ಕತ್ತಲಲ್ಲೇ ಎಂಜಿನ್ ಎಬ್ಬಿಸಿ
ಮ್ಯಾನಿಫೋಲ್ಡಿನ ಅಂಚಿಗೆ ಅಂಗೈ ಒಡ್ಡಿದೆ, ಮುಟ್ಟದೆ.
ಎರಡನೇ ಕೊಳವೆಯ ಬುಡದಲ್ಲಿ ಯಾರೋ ಊದುತ್ತಿದ್ದರು,
ಮೇಣದಬತ್ತಿ ಆರಿಸುವಷ್ಟು, ಬಿಟ್ಟು ಬಿಟ್ಟು.
ಟಾರ್ಚು ಹಾಕಿದೆ. ತುಕ್ಕಿನ ಮೇಲೆ ಕಾಡಿಗೆಯ ಒಂದು ಎಳೆ
ಹಿಂದಿನ ತಗಡಿನವರೆಗೆ, ತಗಡಿನ ತೂತಿನವರೆಗೆ,
ತೂತಿನಾಚೆ ಫಿದಿಯ ಮೊಣಕಾಲು,
ಸಹೊಂದ್ರಾಳ ಮೂಗು.

"ತಲೆ ನೋಯುತ್ತದೆಯೇ ನಿನಗೆ?"
"ಸಂಜೆ ಹೊತ್ತಿಗೆ. ಕಾಫಿ ಸಾಲದೆ."
"ಭಾನುವಾರ?"
ಅವನು ನೆನಪು ಮಾಡಿಕೊಂಡ. ಭಾನುವಾರ ಕಾರು ತೆಗೆಯುವುದಿಲ್ಲ.
ಬಣ್ಣವಿಲ್ಲ ಅದಕ್ಕೆ, ವಾಸನೆಯಿಲ್ಲ, ಎಂದೆ.
ಅವನು ಹೊರಗೆ ಹೋಗಿ
ಹಳೆಯ ಟೈರಿನ ಮೇಲೆ ಕೂತ.

ಆರು ನಟ್ಟು. ನಾಲ್ಕು ಬಂದವು.
ಎರಡು ದಿನ ಎಣ್ಣೆ ಕುಡಿಸಿದ ಮೇಲೆ ಐದನೆಯದು.
ಆರನೆಯದಕ್ಕೆ ಬೆಂಕಿ ತೋರಿಸಿ, ಕಾಲು ಸುತ್ತು ಹಿಂದೆ, ಅರೆಪಾಲು ಮುಂದೆ,
ಮುನಿದ ನೆಂಟನನ್ನು ಊಟಕ್ಕೆ ಎಬ್ಬಿಸುವ ಹಾಗೆ.
ಬಲ ಹಾಕಿದರೆ ಸ್ಟಡ್ಡು ಒಳಗೇ ಮುರಿದು ಕೂರುತ್ತದೆ.
ಹಳೆಯ ಗ್ಯಾಸ್ಕೆಟ್ ಹಪ್ಪಳದಂತೆ ಚೂರಾಗಿ ಬಂತು;
ಒದ್ದೆ ಬಟ್ಟೆ ಒತ್ತಿ ಕೆರೆದೆ, ಅದರ ಪುಡಿಯೂ ಒಳ್ಳೆಯದಲ್ಲ.
ಒಂದು ಕಡೆ ಉಗುರಿನಗಲ ಸುಟ್ಟಿತ್ತು.
ಅಷ್ಟೇ.

ಎರಡೂ ಮುಖ ಉಜ್ಜಿ, ಉಕ್ಕಿನ ಪಟ್ಟಿಯಿಟ್ಟು
ಕೆಳಗೆ ಬೆಳಕು ನುಸುಳೀತೇ ಎಂದು ಬಗ್ಗಿ ನೋಡಿದೆ.
ಇಸೊತ್ರಿ ಸಂತೆಯಲ್ಲಿ ಚೌಕಾಸಿ ಮಾಡಿ ತಂದ ಹೊಸದನ್ನು
ಅಂಟು ಗಿಂಟು ಇಲ್ಲದೆ ಒಣಗಿದ್ದಂತೆಯೇ ಕೂರಿಸಿದೆ.
ನಡುವಿನಿಂದ ಅಂಚಿಗೆ, ಎಲ್ಲಕ್ಕೂ ಒಂದೊಂದು ಸುತ್ತು, ಆಮೇಲೆ ಇನ್ನೊಂದು;
ಪಂಕ್ತಿಯಲ್ಲಿ ಒಬ್ಬನಿಗೇ ಮೊದಲು ಹೊಟ್ಟೆ ತುಂಬ ಬಡಿಸಬಾರದು.
ಜಜ್ಜಿಸಿಕೊಂಡರೇ ಅದು ಹಿಡಿಯುವುದು.
ಒಮ್ಮೆ ಜಜ್ಜಿಸಿಕೊಂಡದ್ದನ್ನು ಮತ್ತೆ ಹಾಕುವಂತಿಲ್ಲ.
"ನೂರು ಕಿಲೋಮೀಟರು ಓಡಿಸಿ ಬಾ," ಎಂದೆ,
"ತಣಿದ ಮೇಲೆ ಇನ್ನೊಂದು ಸಲ ಬಿಗಿಯಬೇಕು."

ಆರನೇ ದಿನ ಬಂದ, ಬಾಗಿಲಿನಿಂದಲೇ ಕೂಗುತ್ತ:
ಅನಲಕೆಲಿಯಿಂದ ಗುಡ್ಡದ ನೆತ್ತಿಯವರೆಗೆ ಒಂದು ಕೂಸು
ಕಿವಿ ಕಿತ್ತುಹೋಗುವಂತೆ ಅತ್ತಿತಂತೆ, ಒಂದು ತಿರುವೂ ಬಿಡದೆ!
ಸಹೊಂದ್ರಾ ದಾರಿಯುದ್ದಕ್ಕೂ ಬಾಡಿಗೆಗೆ ಜಗಳವಾಡಿ
ಐನೂರು ಅರಿಯಾರಿ ಕಡಿಮೆ ಕೊಟ್ಟಳಂತೆ!
ನಕ್ಕ. ನಾನೂ ನಕ್ಕು ಬಾನೆಟ್ಟಿನೊಳಗೆ ಬಗ್ಗಿದೆ.

"ನೇನಿ," ಅಂದ, ಸ್ವಲ್ಪ ಹೊತ್ತು ಬಿಟ್ಟು,
"ಜೂನಿನಲ್ಲಿ ಒಬ್ಬ ಮುದುಕ. ಎರಡು ಸಲ ಭುಜ ಅಲುಗಿಸಿ ಎಬ್ಬಿಸಿದೆ.
ಎದ್ದ. ಮೆಟ್ಟಿಲ ಕಡೆ ನಡೆದ.
ಯಾವ ಮನೆ ಎಂದು ನಾನು ನೋಡಲಿಲ್ಲ."

ನಡುವಿನ ನಟ್ಟು ಇನ್ನೂ ಅರ್ಧ ಸುತ್ತು ಕೇಳುತ್ತಿತ್ತು.
ಕೊಟ್ಟೆ.